ಅಪ್‌ಡೇಟ್: ತಮ್ಮ ಕಾಲೇಜು ಬಿಟ್ಟು ರೂಮಿನಲ್ಲೇ ಕೂತಿದ್ದ ವಿಷಯ

ಸೆಕೆಂಡ್ ಪಿಯು ಓದುವ ತಮ್ಮ ಊಟ, ನಿದ್ದೆ, ಕಾಲೇಜು ಎಲ್ಲ ಬಿಟ್ಟಿದ್ದಾನೆ, ಕೌನ್ಸೆಲಿಂಗ್ ಎಲ್ಲಿ ಸಿಗುತ್ತೆ ಅಂತ ಇಲ್ಲಿ ಕೇಳಿದ್ದೆ. ಕೈಹಿಡಿದಿದ್ದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಉಚಿತ, 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲಿ ಬಂದ 'ಮೊಬೈಲ್ ಕಿತ್ತಿಡಿ' ಎಂಬ ಸಲಹೆ ಮಾತ್ರ ಉಲ್ಟಾ ಹೊಡೆಯಿತು. ಬಾಗಿಲು ಹಾಕಿಕೊಂಡುಬಿಟ್ಟ.

ಮನೆಯವರೂ ಕರೆ ಮಾಡಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಮೊದಲು ನಾನೇ ಮಾತಾಡಿದೆ. 'ಓದಿನ ಸುದ್ದಿ ಎತ್ತಬೇಡಿ, ಸುಮ್ನೆ ಪಕ್ಕ ಕೂತ್ಕೊಳ್ಳಿ' ಅಂದರು. ರಾತ್ರಿ ಚಪಾತಿ ತಟ್ಟೆ ಹಿಡಿದು ಹಾಗೇ ಕೂತೆ. ಅರ್ಧ ಚಪಾತಿ ತಿಂದವನು, 'ಅಕ್ಕಾ, ನೀಟ್ ಬೇಡ ಅಂತ ಅಪ್ಪಂಗೆ ಹೇಳೋಕೆ ಭಯ' ಅಂದ. ಆಮೇಲೆ ತಾನೇ ಆ ನಂಬರಿಗೆ ಫೋನ್ ಮಾಡಿದ!

ಈಗ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೌನ್ಸೆಲಿಂಗ್ ನಡೆಯುತ್ತಿದೆ. ಅಪ್ಪನನ್ನೂ ಕೂರಿಸಿ ಮಾತಾಡಿಸಿದರು. ಕಾಲೇಜಿಗೆ ಹೋಗುತ್ತಿದ್ದಾನೆ. ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ.