ಎರಡು ಕೇಬಲ್ ಮೋಡೆಮ್, ಎರಡು ಡೇಟಾ ಮಿತಿ: ಸಹಾಯ ಬೇಕು

ಮನೆಯಲ್ಲಿ ಎರಡು ಕೇಬಲ್ ಇಂಟರ್ನೆಟ್ ಲೈನ್ ಇವೆ. ಒಂದೊಂದಕ್ಕೂ ಬೇರೆ ಮೋಡೆಮ್, ಬೇರೆ ಡೇಟಾ ಮಿತಿ. ಎರಡನ್ನೂ ಡ್ಯುಯಲ್ ವ್ಯಾನ್ ರೂಟರ್‌ಗೆ (ಎರಡು ಇಂಟರ್ನೆಟ್ ಲೈನ್ ಹಾಕಬಹುದಾದ ರೂಟರ್) ಜೋಡಿಸಿದ್ದೇನೆ.

ಮೊದಲು ಲೋಡ್ ಬ್ಯಾಲೆನ್ಸಿಂಗ್, ಅಂದರೆ ಎರಡೂ ಲೈನ್‌ಗಳಿಗೆ ಬಳಕೆಯನ್ನು ಹಂಚುವ ಸೆಟ್ಟಿಂಗ್, ಹಾಕಿ ನೋಡಿದೆ. ಅದು ಹಂಚುವುದು ಕನೆಕ್ಷನ್‌ಗಳನ್ನು (ಸಾಧನ ಮತ್ತು ಸೈಟ್ ನಡುವಿನ ಒಂದೊಂದು ಸಂಪರ್ಕ), ಜಿಬಿಗಳನ್ನಲ್ಲ. ಟಿವಿಯಲ್ಲಿ 4ಕೆ ಸಿನಿಮಾ ಹಾಕಿದರೆ ಗಂಟೆಗೆ ಸುಮಾರು 7 ಜಿಬಿ ಒಂದೇ ಮೋಡೆಮ್ ಮೇಲೆ ಬೀಳುತ್ತದೆ. ಮೇಲಾಗಿ ಲೈನ್ ಬದಲಾದಾಗ ಐಪಿ (ಇಂಟರ್ನೆಟ್‌ನಲ್ಲಿ ನಮ್ಮ ವಿಳಾಸ) ಬದಲಾಗಿ, ಒಟಿಪಿ ಹಾಕುವಷ್ಟರಲ್ಲಿ ಬ್ಯಾಂಕ್ ಸೈಟ್ ಹೊರಗೆ ಹಾಕಿತು. ದುಡ್ಡು ಹೋಯಿತೋ ಇಲ್ಲವೋ ಅಂತ ತುಂಬಾ ಗಾಬರಿಯಾಯ್ತು.

ಆಮೇಲೆ ಫೇಲ್‌ಓವರ್‌ಗೆ, ಅಂದರೆ ಒಂದು ಲೈನ್ ಕಟ್ ಆದಾಗ ಮಾತ್ರ ಇನ್ನೊಂದಕ್ಕೆ ಹೋಗುವ ಸೆಟ್ಟಿಂಗ್‌ಗೆ, ಬದಲಿಸಿದೆ. ಆದರೆ ಮಿತಿ ಮುಗಿದಾಗ ನಮ್ಮ ಲೈನ್ ಕಟ್ ಆಗುವುದಿಲ್ಲ, ಸ್ಪೀಡ್ ಮಾತ್ರ ಬೀಳುತ್ತದೆ. ಹಾಗಾಗಿ ರೂಟರ್ ಪಾಲಿಗೆ ಎಲ್ಲ ಸರಿಯಾಗಿಯೇ ಇದೆ, ಅಲ್ವಾ?

ಮೊದಲ ಮೋಡೆಮ್‌ನ ಬಳಕೆ ಮಿತಿಯ ಹತ್ತಿರ ಬಂದಾಗ ತಾನಾಗಿಯೇ ಎರಡನೆಯದಕ್ಕೆ ಬದಲಾಗುವಂತೆ ಮಾಡುವುದು ಹೇಗೆ? ಇಲ್ಲ, ಟಿವಿಯನ್ನು ಕಾಯಂ ಎರಡನೇ ಮೋಡೆಮ್‌ಗೆ ಹಾಕುವುದೇ ಸರಿಯಾ?