ಗ್ರಾವಿಮೀಟರ್ ರೀಡಿಂಗ್ ಮತ್ತು ನೆಲದೊಳಗಿನ ನೀರು: ಮೇಡಂ ಅವರನ್ನು ಕೇಳಿ

ಕಲ್ಲುಬಂಡೆ: ನಮಸ್ಕಾರ ಮೇಡಂ. ಬಾವಿ ನೀರು 2 ಮೀಟರ್ ಏರಿದೆ. ಗ್ರಾವಿಮೀಟರ್ (ಗುರುತ್ವ ಅಳೆಯೋ ಉಪಕರಣ) ರೀಡಿಂಗ್‌ನಿಂದ, ಏರಿದ ಪ್ರತಿ ಮೀಟರ್‌ಗೆ 42ರಂತೆ 84 ಮೈಕ್ರೋಗ್ಯಾಲ್ (ಗುರುತ್ವದ ಬಹಳ ಸಣ್ಣ ಅಳತೆ) ಕಳೆಯಲಾ?

ಮೇಡಂ: ನಮಸ್ಕಾರ. ಕಳೆಯಬೇಡಿ. 42 ಬರೀ ನೀರಿನ ಪದರದ ಲೆಕ್ಕ. ನಿಮ್ಮಲ್ಲಿ ನೀರು ತುಂಬಿರೋದು ಮಣ್ಣಿನ ಸಂದಿಗಳಲ್ಲಿ. ಆ ಸಂದಿಗಳ ಪಾಲು ಶೇ. 10 ಇದ್ದರೆ 8.4, ಬಿರುಕು ಬಿಟ್ಟ ಗಟ್ಟಿ ಶಿಲೆಯಲ್ಲಿ ಶೇ. 2 ಇದ್ದರೆ 1.7 ಅಷ್ಟೇ.

ಮಳೆಹನಿ: ನಮ್ಮ ಸೂಪರ್‌ಕಂಡಕ್ಟಿಂಗ್ (ಅತಿ ಸೂಕ್ಷ್ಮ) ಗ್ರಾವಿಮೀಟರ್ ಗುಡ್ಡದೊಳಗಿನ ಸುರಂಗದಲ್ಲಿದೆ. 30 ಮಿ.ಮೀ. ಮಳೆ ಬಂದಾಗ ಗುರುತ್ವ 1 ಮೈಕ್ರೋಗ್ಯಾಲ್ ಇಳಿಯಿತು. ಎರಡು ವಾರದಲ್ಲಿ ಮೊದಲಿಗಿಂತ ಮೇಲಕ್ಕೇ ಹೋಯಿತು. ಉಪಕರಣದ ಜಿಗಿತ ಇರಬೇಕು, ಅಳಿಸಿಬಿಡೋಣ ಅಂತಾರೆ ಜೊತೆಯವರು.

ಮೇಡಂ: ದಯವಿಟ್ಟು ಮುಟ್ಟಬೇಡಿ! ಉಪಕರಣದ ಜಿಗಿತ ಸೆಕೆಂಡುಗಳಲ್ಲಿ ಆಗಿಹೋಗುತ್ತೆ. ಮಳೆಯದ್ದು ಮಳೆಯ ಜೊತೆಗೇ ಇಳಿಯುತ್ತೆ. ತಲೆ ಮೇಲಿನ ಮಣ್ಣಿನಲ್ಲಿ ನಿಂತ ನೀರು ಉಪಕರಣದೊಳಗಿನ ತೂಕದ ಗುಂಡನ್ನು ಮೇಲಕ್ಕೆ ಎಳೆಯುತ್ತೆ, ಹಾಗಾಗಿ ಗುರುತ್ವ ಕಮ್ಮಿ. ಅದೇ ನೀರು ಇಂಗಿ ನಿಮಗಿಂತ ಕೆಳಗಿಳಿದಾಗ ಚಿಹ್ನೆ ತಿರುಗುತ್ತೆ. ಬಾವಿ ನೀರಿನ ಮಟ್ಟ ಇನ್ನೂ ಅಲ್ಲಾಡದಿದ್ದರೂ ಇದು ನಡೆಯುತ್ತೆ. 30 ಮಿ.ಮೀ. ಪೂರ್ತಿ ಮೇಲೇ ನಿಂತರೆ ಸುಮಾರು 1.3 ಇಳಿಯಬೇಕು. ಗಾಳಿಯ ಒತ್ತಡ ತಿದ್ದಿದ್ದೀರಾ? ಒಂದು ಹೆಕ್ಟೋಪಾಸ್ಕಲ್ ಬಿದ್ದರೆ ಗುರುತ್ವ ಸುಮಾರು 0.3 ಏರುತ್ತೆ, ಮಳೆ ಹೊತ್ತಲ್ಲಿ ಇದು ಕಣ್ಣು ಕಟ್ಟುತ್ತೆ. ಮಳೆಮಾಪಕದ ನಿಮಿಷವಾರು ಒಟ್ಟು ಮಳೆಯ ಗೆರೆಯನ್ನು ತಲೆಕೆಳಗು ಮಾಡಿ ಗುರುತ್ವದ ಗೆರೆ ಮೇಲಿಟ್ಟು ಹಾಕಿ.

ಹೊಸಬ: ಮಣ್ಣಿನ ತೇವ ಅಳೆಯೋಕೆ ನ್ಯೂಟ್ರಾನ್ ಪ್ರೋಬ್ ಒಳ್ಳೇದಾ, ಟಿಡಿಆರ್ ಒಳ್ಳೇದಾ?

ಗಾಳಿಪಟ: ಫಾರ್ವರ್ಡ್ ಬಂದಿದೆ: "ಮಳೆ ದಿನದ ಡೇಟಾ ತೆಗೆದುಹಾಕಿ, ಎಲ್ಲ ಸರಿಹೋಗುತ್ತೆ. ಫೋನ್ ಆ್ಯಪ್‌ನಲ್ಲೇ ಅಂತರ್ಜಲ ಹುಡುಕಿ."

ಮೇಡಂ: ಮಳೆ ನಿಂತ ಮೇಲೂ ವಾರಗಟ್ಟಲೆ ಮಣ್ಣು ಒದ್ದೆ ಇರುತ್ತೆ. ಎಷ್ಟು ದಿನ ತೆಗೀತೀರಿ? ಫೋನ್ ಸೆನ್ಸರಿನ ಗದ್ದಲ ಈ ಸಂಕೇತಕ್ಕಿಂತ ಸಾವಿರಾರು ಪಟ್ಟು ದೊಡ್ಡದು. ಅದನ್ನು ನಂಬಿ ಯಾರೂ ಬೋರ್ ಕೊರೆಸಬೇಡಿ.

ಗಾಳಿಪಟ: ಗುರುತ್ವ ಅಳೆಯೋ ಉಪಗ್ರಹ ನೋಡುತ್ತಲ್ಲ, ಗ್ರೇಸ್?

ಕಲ್ಲುಬಂಡೆ: 2002ರಲ್ಲಿ ಹಾರಿ 2017ರಲ್ಲಿ ಕೆಲಸ ಮುಗಿಸಿದ ಗ್ರೇಸ್ ಆಗಲಿ, 2018ರ ಗ್ರೇಸ್-ಎಫ್‌ಒ ಆಗಲಿ, ನೋಡೋದು ನೂರಾರು ಕಿ.ಮೀ. ಅಗಲದ ಪ್ರದೇಶ. ನಿಮ್ಮ ಬಾವಿಯನ್ನಲ್ಲ.

ಗಾಳಿಪಟ: ಓದಿ ಹೇಳ್ತಿದ್ದೀರೋ, ಸುಮ್ನೆ ಹೇಳ್ತಿದ್ದೀರೋ?

ಕಲ್ಲುಬಂಡೆ: ಫಾರ್ವರ್ಡ್ ಹಾಕೋರು ಇದನ್ನ ಕೇಳಬಾರದು.

ಗಾಳಿಪಟ: ದೊಡ್ಡ ವಿಜ್ಞಾನಿ ಬಂದ್ರಪ್ಪ.

ನದಿತೀರ: ಮೇಡಂ, ಕೊಳವೆಬಾವಿ 10 ಮೀಟರ್ ಏರಿದೆ. ಅದನ್ನ 42ರಿಂದ ಗುಣಿಸಲಾ?

ಮೇಡಂ: ಮೇಲೆ ಓದಿ.

ನದಿತೀರ: ಓದಿದೆ. ನಮ್ಮದು ಜೇಡಿಪದರದ ಕೆಳಗಿನ ಒತ್ತಡದ ನೀರು.

ಮೇಡಂ: ಅದನ್ನು ಮೊದಲೇ ಹೇಳಬೇಕಲ್ವಾ? ಅಲ್ಲಿ ಏರಿದ್ದು ಒತ್ತಡ, ನೀರಿನ ರಾಶಿ ಅಲ್ಲ. ಶೇಖರಣಾ ಗುಣಾಂಕ (ಮಟ್ಟ ಒಂದು ಮೀಟರ್ ಏರಿದಾಗ ನಿಜಕ್ಕೂ ಸೇರೋ ನೀರಿನ ಪಾಲು) 0.0001 ಇದ್ದರೆ 10 ಮೀಟರ್‌ಗೆ ಸೇರಿದ್ದು 1 ಮಿ.ಮೀ. ನೀರು. ಅಂದರೆ 0.04 ಮೈಕ್ರೋಗ್ಯಾಲ್.

ಹೊಸಬ: ನನ್ನ ಪ್ರಶ್ನೆ ಯಾರೂ ನೋಡಲಿಲ್ವಾ?

ಮಳೆಹನಿ: ಒತ್ತಡ ತಿದ್ದಿದ ಮೇಲಿನದ್ದೇ ಆ 1 ಮೈಕ್ರೋಗ್ಯಾಲ್. ಗೆರೆ ಹಾಕಿ ನೋಡಿದೆ ಮೇಡಂ. 24 ಮಿ.ಮೀ. ತನಕ ಒಂದರ ಮೇಲೊಂದು ಕೂತಿವೆ. ಆಮೇಲೆ ಮಳೆ ಬರ್ತಾನೇ ಇದೆ, ಗುರುತ್ವ ಇಳಿಯೋದು ನಿಂತಿದೆ.

ಮೇಡಂ: ಭೇಷ್. ಜಿಗಿತ ಅಲ್ಲ ಅನ್ನೋದು ಗೊತ್ತಾಯ್ತು. ಉಳಿದ 6 ಮಿ.ಮೀ. ಇಳಿಜಾರಲ್ಲಿ ಹರಿದುಹೋಗಿರಬಹುದು. ಗುಡ್ಡದ ಆಕಾರದ ತಿದ್ದುಪಡಿಯೂ ಬೇಕು. ಬುಡದ ಹಳ್ಳದಲ್ಲಿ ಹರಿವು ಅಳೆದಿದ್ದರೆ ಆ ದಿನದ ಫೈಲ್ ಕಳಿಸಿ.