ಹೃತ್ಕರ್ಣ ‘ಹಿಗ್ಗಿದೆ’ ಅನ್ನಬಹುದೇ? ‘ರೀಮಾಡೆಲಿಂಗ್’ಗೆ ಸರಿಯಾದ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ನಮ್ಮ ಅಮ್ಮನಿಗೆ ಏಟ್ರಿಯಲ್ ಫಿಬ್ರಿಲೇಶನ್ ಇದೆ, ಅಂದರೆ ಹೃದಯದ ಮೇಲಿನ ಕೋಣೆಗಳ ಲಯ ತಪ್ಪುವ ಕಾಯಿಲೆ. ಹೋದ ವಾರ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಬಂತು. ಹೃದಯದ ಎಡಗಡೆ ಮೇಲಿನ ಕೋಣೆ 46 ಮಿ.ಮೀ. ಅಂತಿತ್ತು. ಹೆಂಗಸರಲ್ಲಿ ಅದು 38ರ ಒಳಗಿರಬೇಕು. “ಎಡ ಹೃತ್ಕರ್ಣ ಹಿಗ್ಗಿದೆ ಅಮ್ಮ” ಅಂತ ಓದಿ ಹೇಳಿದೆ. ಅವರ ಮುಖ ಅರಳಿತು. “ಹಿಗ್ಗಿದ್ರೆ ಒಳ್ಳೇದೇ ಅಲ್ವಾ?” ಎಂದರು. ಹಿಗ್ಗಿ ಹೀರೇಕಾಯಿ ಆಗುವುದು ಗೊತ್ತಿರುವವರಿಗೆ ಹೃದಯ ಹಿಗ್ಗಿತು ಅಂದರೆ ಖುಷಿಯ ಸುದ್ದಿಯೇ. ತಪ್ಪು ಅವರದಲ್ಲ, ನಾನು ಆರಿಸಿದ ಪದದ್ದು.

ಮೊದಲು ‘ಫಿಬ್ರಿಲೇಶನ್’. ಇದಕ್ಕೆ ‘ಕಂಪನ’ ಅಂತ ಬರೆಯುವುದನ್ನು ನೋಡಿದ್ದೇನೆ. ಆದರೆ ಕಂಪನ ಅಂದ ಕೂಡಲೇ ಇಡೀ ವಸ್ತು ಒಟ್ಟಿಗೆ ನಡುಗುವುದು ಕಣ್ಣಿಗೆ ಬರುತ್ತದೆ, ಭೂಕಂಪದ ಹಾಗೆ. ಇಲ್ಲಿ ಆಗುವುದು ಅದಕ್ಕೆ ತದ್ವಿರುದ್ಧ. ಮೇಲಿನ ಕೋಣೆಗಳ ಸ್ನಾಯು ಒಟ್ಟಿಗೆ ಮುದುಡುವುದನ್ನೇ ಬಿಟ್ಟು, ಒಂದೊಂದು ಎಳೆ ಒಂದೊಂದು ಹೊತ್ತಿಗೆ ಮಿಸುಕುತ್ತದೆ. ಅಲ್ಲಿ ನಿಮಿಷಕ್ಕೆ 350ರಿಂದ 600 ಸಲ ವಿದ್ಯುತ್ ಅಲೆಗಳು ಹರಿದಾಡುತ್ತವೆ. ಲ್ಯಾಟಿನ್ನಿನ ಮೂಲ ಪದಕ್ಕೂ ಸಣ್ಣ ಎಳೆ ಅಂತಲೇ ಅರ್ಥ. ನನಗೆ ‘ಅದುರು’ ಹತ್ತಿರ ಅನ್ನಿಸುತ್ತದೆ. ಕಣ್ಣಿನ ರೆಪ್ಪೆ ಅದುರುವಾಗ ನಾವು ಹೇಳಿದರೂ ನಿಲ್ಲುವುದಿಲ್ಲ, ಪಕ್ಕದ ಕೆನ್ನೆ ಸುಮ್ನೆ ಇರುತ್ತದೆ.

ನನ್ನ ಮುಖ್ಯ ಪ್ರಶ್ನೆ ‘ರೀಮಾಡೆಲಿಂಗ್’ ಬಗ್ಗೆ. ಈ ಅದುರು ಜಾಸ್ತಿ ದಿನ ಇದ್ದರೆ ಮೇಲಿನ ಕೋಣೆಗಳೇ ಬದಲಾಗುತ್ತವೆ, ಆ ಬದಲಾವಣೆಯ ಹೆಸರೇ ರೀಮಾಡೆಲಿಂಗ್. ಅದಕ್ಕೆ ‘ಮರುರಚನೆ’ ಅಂದರೆ ಯಾರೋ ಕೂತು, ಯೋಚಿಸಿ, ಮೊದಲಿಗಿಂತ ಚೆನ್ನಾಗಿ ಕಟ್ಟಿದಂತೆ ಕೇಳಿಸುತ್ತದೆ. ‘ಪುನಾರಚನೆ’ ಅಂದರೆ ಮಂತ್ರಿಮಂಡಲ ನೆನಪಾಗುತ್ತದೆ.

ಬದಲಾವಣೆ ಒಂದೇ ಬಗೆಯದೂ ಅಲ್ಲ. ಮೊದಲನೆಯದು ವಿದ್ಯುತ್ತಿನದು. ಪ್ರತಿ ಮಿಡಿತ ಆದ ಮೇಲೆ ಸ್ನಾಯುಕೋಶ ಚೂರು ಹೊತ್ತು ಸುಧಾರಿಸಿಕೊಳ್ಳಬೇಕು. ಅದುರು ಶುರುವಾದ ಕೆಲವೇ ದಿನಗಳಲ್ಲಿ ಆ ಬಿಡುವು ಗಿಡ್ಡವಾಗುತ್ತದೆ. ಆಗ ಮುಂದಿನ ಅದುರಿಗೆ ದಾರಿ ಇನ್ನೂ ಸಲೀಸು. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ ಹೃದಯ ಸಂಶೋಧಕ ಅಲೆಸ್ಸಿ ಅವರ ತಂಡ ಇದನ್ನು ಆಡುಗಳಲ್ಲಿ ತೋರಿಸಿ 1995ರಲ್ಲಿ ಪ್ರಕಟಿಸಿತು. ಅದುರು ನಿಂತಾಗಲೆಲ್ಲ ಯಂತ್ರದಿಂದ ಮತ್ತೆ ಹುಟ್ಟಿಸಿದರು. ಮೊದಲ ದಿನ ಕೆಲವೇ ಸೆಕೆಂಡಿನಲ್ಲಿ ತಾನೇ ನಿಲ್ಲುತ್ತಿದ್ದದ್ದು, ಒಂದೆರಡು ವಾರದಲ್ಲಿ 24 ಗಂಟೆ ಕಳೆದರೂ ನಿಲ್ಲಲಿಲ್ಲ. ಅದುರೇ ಅದುರನ್ನು ಹೆರುತ್ತದೆ ಅನ್ನುವುದು ಅವರು ಕಂಡುಕೊಂಡದ್ದು. ಲಯ ಬೇಗ ಸರಿಹೋದರೆ ಈ ಬದಲಾವಣೆ ಹಿಂದಿರುಗುತ್ತದೆ. ಇದಕ್ಕೆ ‘ಒಗ್ಗಿಹೋಗುವುದು’ ಅಂದರೆ ಹೇಗೆ? ಕೋಶಗಳು ನಿಜಕ್ಕೂ ಅದುರಿಗೆ ಒಗ್ಗಿಕೊಳ್ಳುತ್ತವೆ.

ಎರಡನೆಯದು ಗೋಡೆಯದು. ಇದು ನಿಧಾನ. ಕೋಣೆ ಜಗ್ಗುತ್ತದೆ, ಸ್ನಾಯುವಿನ ಎಳೆಗಳ ನಡುವೆ ಗಟ್ಟಿ ನಾರು ಬೆಳೆಯುತ್ತದೆ. ಅಮ್ಮನಿಗೆ ಹೀಗೆ ಬಿಡಿಸಿ ಹೇಳಿದಾಗ ಅವರು ತರಕಾರಿ ಹೆಚ್ಚುತ್ತಿದ್ದರು. ಕೈ ನಿಲ್ಲಿಸಿ, “ಬಲಿತ ಹೀರೇಕಾಯಿ ನಾರು ಕಟ್ಟಿದ ಹಾಗಾ?” ಎಂದರು. ಹೌದು ಅಮ್ಮ, ಹಾಗೇ. ನಾರು ಕಟ್ಟಿದ್ದು ಮತ್ತೆ ಎಳೆಯದಾಗುವುದು ಕಷ್ಟ ಅನ್ನುವುದೂ ಆ ಮಾತಿನಲ್ಲೇ ಇದೆ.

ಇನ್ನೊಂದು ತೊಡಕು. ಹೃತ್ಕರ್ಣದ ‘ಕರ್ಣ’ ಬಂದದ್ದು ಪುಟ್ಟ ಕಿವಿ ಅನ್ನುವ ಲ್ಯಾಟಿನ್ ಹೆಸರಿನಿಂದ. ಈಗ ವೈದ್ಯರು ಕಿವಿಯ ಹೆಸರನ್ನು ಕೋಣೆಯ ಪಕ್ಕ ಅಂಟಿಕೊಂಡ ಸಣ್ಣ ಚೀಲಕ್ಕೆ ಮಾತ್ರ ಬಳಸುತ್ತಾರೆ. ಈ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಎಡಗಡೆಯ ಆ ಚೀಲದಲ್ಲೇ. ಕನ್ನಡದಲ್ಲಿ ಕೋಣೆಯೇ ‘ಕರ್ಣ’ ಆದರೆ ಚೀಲಕ್ಕೆ ಏನನ್ನೋಣ? ‘ಕಿವಿಚೀಲ’ ನಡೆದೀತೇ?

‘ಒಗ್ಗಿಹೋಗುವುದು’, ‘ಜಗ್ಗಿ ನಾರುಗಟ್ಟುವುದು’ ಎಂದು ಎರಡು ಬೇರೆ ಪದ ಇಡಬೇಕೇ, ಇಲ್ಲ ಎರಡನ್ನೂ ಹಿಡಿಯುವ ಒಂದು ಪದ ನಿಮ್ಮ ಊರಿನ ಮಾತಿನಲ್ಲಿ ಇದೆಯೇ? ದಯವಿಟ್ಟು ತಿಳಿಸಿ. ಮುಂದಿನ ತಿಂಗಳು ಮತ್ತೊಂದು ಎಕೋ ಇದೆ, ಅದನ್ನೂ ಅಮ್ಮನಿಗೆ ನಾನೇ ಓದಿ ಹೇಳಬೇಕು.